ಕಲಿಕೆಯ ಕ್ಲಾರಿನೆಟ್: ಒಡಲು, ಬಿಡಿಭಾಗ ಮತ್ತು ಕೊಡಗಿನ ಮಳೆ

ಕ್ಲಾರಿನೆಟ್ ಒಂಟಿ ರೀಡಿನ ಊದುವಾದ್ಯ. ಕನ್ನಡದಲ್ಲಿ ಕ್ಲಾರಿಯೋನೆಟ್ ಎಂಬ ಹೆಸರೂ ಬಹುಕಾಲದಿಂದ ರೂಢಿಯಲ್ಲಿದೆ. ಜರ್ಮನಿಯ ನ್ಯೂರೆಂಬರ್ಗಿನಲ್ಲಿದ್ದ ಯೋಹಾನ್ ಕ್ರಿಸ್ಟೋಫ್ ಡೆನ್ನರ್ 1700ರ ಆಸುಪಾಸಿನಲ್ಲಿ ಇದನ್ನು ರೂಪಿಸಿದನೆಂದು ಸಂಗೀತ ಚರಿತ್ರೆ ಹೇಳುತ್ತದೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಬಿ-ಫ್ಲ್ಯಾಟ್ ಶ್ರುತಿಯ ವಾದ್ಯ. ಮೌತ್‌ಪೀಸ್, ಬ್ಯಾರಲ್, ಮೇಲಿನ ಕೊಳವೆ, ಕೆಳಗಿನ ಕೊಳವೆ, ಬೆಲ್ ಎಂದು ಐದು ತುಂಡುಗಳು. ಜೋಡಿಸಿದರೆ ಒಂದು ಮೊಳಕ್ಕಿಂತ ಉದ್ದ. ವಾದ್ಯ ತಯಾರಕರು ಕಲಿಯುವವರಿಗೆಂದೇ ಪ್ರತ್ಯೇಕ ಮಾದರಿಗಳನ್ನು ಮಾಡುತ್ತಾರೆ. ಮೊದಲ ನಾಲ್ಕೈದು ವರ್ಷದ ಅಭ್ಯಾಸವನ್ನು ತಾಳಿಕೊಳ್ಳಬೇಕಾದ, ಮಕ್ಕಳ ಕೈಯಿಂದ ಒಂದೆರಡು ಸಲವಾದರೂ ಕೆಳಗೆ ಬೀಳುವ ವಾದ್ಯಗಳಿವು. ಇವನ್ನು ಕೊಳ್ಳುವಾಗ ಜನ ಮೊದಲು ಕೇಳುವುದು, ಮರದ್ದೋ ಪ್ಲಾಸ್ಟಿಕ್ಕಿನದೋ ಎಂದು. ಕೊಡಗಿನಂಥ ಮಲೆನಾಡಿನಲ್ಲಿ ಅದರಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಒಂದು ಕೀ ಮುರಿದರೆ ಅದಕ್ಕೆ ಬದಲಿ ಎಲ್ಲಿಂದ ಬರುತ್ತದೆ? ಈ ಲೇಖನ ಆ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ನೋಡುತ್ತದೆ.

ಕೊಡಗಿನ ಮದುವೆ, ಹಬ್ಬಗಳಲ್ಲಿ ಮೊದಲಿನಿಂದ ಕೇಳಿಬರುವುದು ಕ್ಲಾರಿನೆಟ್ ಅಲ್ಲ, ವಾಲಗ. ಕೊಂಬು, ಕೊಟ್ಟು, ತಾಳಗಳ ಜೊತೆ ಅದು ನುಡಿಯತೊಡಗಿದರೆ ಅಂಗಳದಲ್ಲಿ ವಾಲಗತ್ತಾಟ್ ಕುಣಿತ ಶುರುವಾಗುತ್ತದೆ. ವಾಲಗದ ಕಲಿಕೆ, ದುರಸ್ತಿ ಎರಡೂ ನುಡಿಸುವವರ ಮನೆತನಗಳ ಒಳಗೇ ನಡೆದುಬಂದಿವೆ. ಕ್ಲಾರಿನೆಟ್ ಬಂದ ದಾರಿ ಬೇರೆ. ಭಾರತಕ್ಕೆ ಅದು ಬ್ರಿಟಿಷ್ ಸೇನೆಯ ಬ್ಯಾಂಡಿನ ಜೊತೆ ಬಂತು, ಅಲ್ಲಿಂದ ಅರಮನೆ, ಪೊಲೀಸು, ಚರ್ಚು, ಮದುವೆ ಮೆರವಣಿಗೆಗಳಿಗೆ ಹರಡಿತು. ಸೈನಿಕರ ನಾಡಾದ ಕೊಡಗಿಗೂ ಸೇನಾ ಬ್ಯಾಂಡಿಗೂ ಒಂದು ನೇರ ನಂಟಿದೆ. ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಸೇನೆಯ ವಾದಕರನ್ನು ತರಬೇತು ಮಾಡುವ ಮಿಲಿಟರಿ ಮ್ಯೂಸಿಕ್ ವಿಂಗ್ 1950ರಲ್ಲಿ ಆರಂಭವಾದಾಗ ಅದಕ್ಕೆ ಆಶ್ರಯ ಕೊಟ್ಟವರು ಅಂದಿನ ಮಹಾದಂಡನಾಯಕ, ಕೊಡಗಿನ ಕೋದಂಡೇರ ಮಾದಪ್ಪ ಕಾರ್ಯಪ್ಪ. ಸೇನಾ ಬ್ಯಾಂಡಿನಲ್ಲಿ ರಾಗದ ಭಾರವನ್ನು ಹೊರುವ ಮುಖ್ಯ ವಾದ್ಯಗಳಲ್ಲಿ ಕ್ಲಾರಿನೆಟ್ ಒಂದು.

ಮೈಸೂರಿನ ಕಡೆಯಿಂದಲೂ ಒಂದು ಎಳೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಓಟ್ಟೋ ಶ್ಮಿಟ್ ನಡೆಸುತ್ತಿದ್ದ ಅರಮನೆ ಬ್ಯಾಂಡು ಮುಂದೆ ರಾಜ್ಯದ ಪೊಲೀಸ್ ಬ್ಯಾಂಡಿಗೆ ಸೇರಿಹೋಯಿತು. ಪಾಶ್ಚಾತ್ಯ ವಾದ್ಯಗಳಲ್ಲಿ ಕರ್ನಾಟಕ ಸಂಗೀತ ನುಡಿಸುವ ಪರಂಪರೆ ಅಲ್ಲಿ ಉಳಿದುಬಂದಿದೆ. ಶಾಸ್ತ್ರೀಯ ಸಂಗೀತದಲ್ಲಿ ಈ ವಾದ್ಯದ ಚರಿತ್ರೆ ಇನ್ನೂ ಹಿಂದಿನದು. ತಂಜಾವೂರಿನ ಮಹಾದೇವ ನಟ್ಟುವನಾರ್ 19ನೆಯ ಶತಮಾನದಲ್ಲೇ ನೃತ್ಯದ ಮೇಳಕ್ಕೆ ಕ್ಲಾರಿನೆಟ್ ತಂದರು, ಎ.ಕೆ.ಸಿ. ನಟರಾಜನ್ ಅದನ್ನು ಕಛೇರಿಯ ಮುಖ್ಯ ವಾದ್ಯವಾಗಿ ಬೆಳೆಸಿದರು. ನಮ್ಮ ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿಯವರು ಹಿಂದೂಸ್ತಾನಿ ಸಂಗೀತವನ್ನು ಇದೇ ವಾದ್ಯದಲ್ಲಿ ನುಡಿಸಿ ಹೆಸರಾದರು. ಆದ್ದರಿಂದ ಕೊಡಗಿನ ಒಂದು ಮಗು ಕ್ಲಾರಿನೆಟ್ ಹಿಡಿದರೆ ಅದರ ಮುಂದೆ ತೆರೆಯುವ ದಾರಿ ಒಂದೇ ಅಲ್ಲ. ಸೇನಾ ಬ್ಯಾಂಡು, ಚರ್ಚಿನ ವಾದ್ಯವೃಂದ, ಶಾಸ್ತ್ರೀಯ ಕಛೇರಿ ಮೂರೂ ಇವೆ.

ದಾರಿ ಯಾವುದೆನ್ನುವುದು ವಾದ್ಯದ ಆಯ್ಕೆಯನ್ನೂ ತಕ್ಕಮಟ್ಟಿಗೆ ತೀರ್ಮಾನಿಸುತ್ತದೆ. ಕ್ಲಾರಿನೆಟ್‌ಗಳಲ್ಲಿ ಕೀಗಳ ಜೋಡಣೆಯ ಎರಡು ಪದ್ಧತಿಗಳು ನಮ್ಮಲ್ಲಿ ಕಾಣುತ್ತವೆ. 1840ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ವಾದಕ ಕ್ಲೋಸೆ ಮತ್ತು ವಾದ್ಯ ತಯಾರಕ ಬುಫೆ ಸೇರಿ ಬೆಳೆಸಿದ ಬೋಮ್ ಪದ್ಧತಿಯಲ್ಲಿ 17 ಕೀಗಳು, 6 ಉಂಗುರಗಳು ಇರುತ್ತವೆ. ಇನ್ನೊಂದಾದ ಆಲ್ಬರ್ಟ್ ಪದ್ಧತಿಯಲ್ಲಿ ಕೀಗಳು ಕಡಿಮೆ. ಬೆರಳು ನೇರವಾಗಿ ರಂಧ್ರದ ಮೇಲೆ ಜಾರುವುದರಿಂದ ಗಮಕಕ್ಕೆ ಅನುಕೂಲ. ಭಾರತೀಯ ಸಂಗೀತ ನುಡಿಸುವ ಅನೇಕರು ಆಲ್ಬರ್ಟನ್ನೇ ಇಷ್ಟಪಡುವುದು ಇದಕ್ಕಾಗಿ. ಆದರೆ ದೊಡ್ಡ ಕಂಪೆನಿಗಳು ಇಂದು ಮಾಡುವ ವಿದ್ಯಾರ್ಥಿ ಮಾದರಿಗಳೆಲ್ಲ ಹೆಚ್ಚುಕಡಿಮೆ ಬೋಮ್ ಪದ್ಧತಿಯವೇ. ಹಾಗಾಗಿ ಹೊಸ ಬಿಡಿಭಾಗಗಳು ಸುಲಭವಾಗಿ ಸಿಗುವುದೂ ಅವಕ್ಕೇ. ಆಲ್ಬರ್ಟ್ ಬೇಕೆನ್ನುವವರು ಬ್ಯಾಂಡ್ ವಾದ್ಯಗಳಿಗೆ ಹೆಸರಾದ ಮೀರತ್ತಿನಲ್ಲಿ ಮಾಡಿದ ವಾದ್ಯವನ್ನೋ ಹಳೆಯ ವಾದ್ಯವನ್ನೋ ನೆಚ್ಚಬೇಕಾಗುತ್ತದೆ.

ಕೊಡಗಿನ ಹವೆ

ವಸ್ತುವಿನ ಹೋಲಿಕೆಗೆ ಮುಂಚೆ ಹವೆಯ ಮಾತು ಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಭಾಗಮಂಡಲ, ತಲಕಾವೇರಿಯ ಕಡೆ ಇನ್ನೂ ಬಹಳ ಹೆಚ್ಚು. ಕುಶಾಲನಗರದ ಕಡೆ ಇಳಿದರೆ ಮಳೆ ಥಟ್ಟನೆ ಕಡಿಮೆಯಾಗುತ್ತದೆ. ಜೂನ್ ಮೊದಲ ವಾರದಿಂದ ಕೈಲ್ ಪೋಳ್ದ್ ಹಬ್ಬದವರೆಗೆ ಬಟ್ಟೆ ಒಣಗುವುದಿಲ್ಲ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಪುಸ್ತಕದ ಹಾಳೆಗಳು ಮೆತ್ತಗಾಗುತ್ತವೆ. ಕಕ್ಕಡ ತಿಂಗಳಲ್ಲಂತೂ ಮನೆಯೊಳಗಿನ ಗಾಳಿಯೇ ಒದ್ದೆ. ಇದಕ್ಕೆ ತದ್ವಿರುದ್ಧವಾಗಿ ಜನವರಿಯಿಂದ ಮಾರ್ಚ್‌ವರೆಗೆ, ಕಾಫಿ ಹೂವಿನ ಮಳೆ ಬರುವ ತನಕ, ಬೆಳಗ್ಗೆ ಕೊರೆಯುವ ಚಳಿ, ಮಧ್ಯಾಹ್ನ ಒಣಬಿಸಿಲು. ಊದುವಾದ್ಯಕ್ಕೆ ಬರೀ ತೇವವೂ ಅಷ್ಟು ಕೆಟ್ಟದ್ದಲ್ಲ, ಬರೀ ಒಣಹವೆಯೂ ಅಲ್ಲ. ಕೆಡುಕಾಗುವುದು ಒಂದರಿಂದ ಇನ್ನೊಂದಕ್ಕೆ ಹೊರಳುವ ಹೊತ್ತಿನಲ್ಲಿ. ಯುರೋಪಿನಲ್ಲಿ ಬರೆದ ವಾದ್ಯ ಕೈಪಿಡಿಗಳು ಚಳಿಗಾಲದ ಹೀಟರಿನ ಒಣಗಾಳಿಯ ಬಗ್ಗೆ ಎಚ್ಚರಿಸುತ್ತವೆ. ನಾಲ್ಕು ತಿಂಗಳು ಎಡೆಬಿಡದೆ ಸುರಿಯುವ ಮಳೆಯ ಬಗ್ಗೆ ಅವುಗಳಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಮರದ ಒಡಲು

ಒಳ್ಳೆಯ ಕ್ಲಾರಿನೆಟ್ಟಿನ ಮರ ಗ್ರೆನಡಿಲ್ಲಾ. ಪೂರ್ವ ಆಫ್ರಿಕದ ತಾಂಜಾನಿಯಾ, ಮೊಜಾಂಬಿಕ್ ಮೊದಲಾದ ಕಡೆ ಬೆಳೆಯುವ ಇದರ ಸಸ್ಯಶಾಸ್ತ್ರದ ಹೆಸರು ಡಾಲ್‌ಬರ್ಜಿಯ ಮೆಲನಾಕ್ಸಿಲಾನ್. ಕೊಡಗಿನವರಿಗೆ ಈ ಹೆಸರಿನ ಮೊದಲರ್ಧ ಹೊಸದಲ್ಲ. ನಮ್ಮ ಬೀಟೆ ಮರ ಡಾಲ್‌ಬರ್ಜಿಯ ಲ್ಯಾಟಿಫೋಲಿಯ; ಎರಡೂ ಒಂದೇ ಕುಲದವು, ದಾಯಾದಿಗಳು ಎನ್ನಬಹುದು. ಗ್ರೆನಡಿಲ್ಲಾ ಎಷ್ಟು ಗಟ್ಟಿಯೆಂದರೆ ನೀರಿಗೆ ಹಾಕಿದರೆ ಮುಳುಗುತ್ತದೆ. ಬೀಟೆ ತೇಲುತ್ತದೆ, ಅದರ ರಂಧ್ರಗಳು ದೊಡ್ಡವು; ಅದರಿಂದ ಕೊಳವೆ ಮಾಡಿದರೆ ಒಳಮೈಗೆ ಎಣ್ಣೆ ಕುಡಿಸಿ ಚೆನ್ನಾಗಿ ಮುಚ್ಚಬೇಕಾಗುತ್ತದೆ. ಉತ್ತರ ಭಾರತದಲ್ಲಿ ಕ್ಲಾರಿನೆಟ್ ಮಾಡುವವರು ಅದೇ ಕುಲದ ಇನ್ನೊಂದು ಮರ ಶೀಶಮ್ ಬಳಸುತ್ತಾರೆ. ಡಾಲ್‌ಬರ್ಜಿಯ ಕುಲದ ಮರಗಳೆಲ್ಲವೂ 2017ರ ಜನವರಿಯಿಂದ ಸೈಟ್ಸ್ ಅಂತಾರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಬಂದು, ಎರಡು ಮೂರು ವರ್ಷ ವಾದಕರು ವಿದೇಶದಿಂದ ಮರದ ವಾದ್ಯ ತರಿಸಲು ಕಾಗದಪತ್ರಗಳಿಗಾಗಿ ಒದ್ದಾಡಿದರು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೂ ಅವುಗಳ ಭಾಗಗಳಿಗೂ ವಿನಾಯಿತಿ ಸಿಕ್ಕಿತು.

ಮರದ ದೋಷ ಬಿರುಕು. ಊದುವಾಗ ಕೊಳವೆಯ ಒಳಮೈ ಉಸಿರಿನಿಂದ ಬೆಚ್ಚಗಾಗಿ ತೇವ ಹೀರುತ್ತದೆ, ಹಿಗ್ಗುತ್ತದೆ. ಹೊರಮೈ ತಣ್ಣಗೆ, ಒಣಗಿಯೇ ಇರುತ್ತದೆ. ಈ ಎಳೆದಾಟ ಮಿತಿಮೀರಿದರೆ ಮರ ಸೀಳುತ್ತದೆ. ಸಾಮಾನ್ಯವಾಗಿ ಸೀಳುವುದು ಮೇಲಿನ ಕೊಳವೆ, ಅದರಲ್ಲೂ ಟ್ರಿಲ್ ಕೀಗಳ ರಂಧ್ರಗಳ ಸುತ್ತ. ಜನವರಿಯ ಬೆಳಗ್ಗೆ ಗಣರಾಜ್ಯೋತ್ಸವದ ಕವಾಯತಿಗೆ ಮೈದಾನದಲ್ಲಿ ನಿಂತು ತಣ್ಣನೆಯ ಮರದ ವಾದ್ಯಕ್ಕೆ ಬಿಸಿ ಉಸಿರು ತುಂಬುವುದು ಬಿರುಕನ್ನು ಕೈಯಾರೆ ಕರೆದಂತೆ. ಹೊಸ ಮರದ ವಾದ್ಯವನ್ನು ಮೊದಲ ಕೆಲವು ವಾರ ದಿನಕ್ಕೆ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಊದಬಾರದು ಎಂಬ ನಿಯಮ ಇರುವುದೂ ಇದಕ್ಕೇ. ಹನ್ನೊಂದು ವರ್ಷದ ಮಗುವಿಗೆ, ಕಲಿಯುವ ಹುಮ್ಮಸ್ಸು ಉಕ್ಕುತ್ತಿರುವ ಹೊತ್ತಿನಲ್ಲೇ, ಇಷ್ಟು ಸಾಕು ಇಡು ಎನ್ನಬೇಕಾಗುತ್ತದೆ.

ಮಳೆಗಾಲದ ತೊಂದರೆ ಬೇರೆ. ಆಗ ಮರ ಹಿಗ್ಗಿ ಕೊಳವೆಗಳ ಕೊರಳು, ಅಂದರೆ ಒಂದರೊಳಗೊಂದು ಸೇರುವ ತುದಿ, ಬಿಗಿಯುತ್ತದೆ. ಜೋಡಿಸಿದ ವಾದ್ಯ ಬಿಚ್ಚಲು ಬರುವುದಿಲ್ಲ. ತಿರುಚಿ ಎಳೆದರೆ ಕೀಗಳನ್ನು ಹೊತ್ತ ಕಂಬಗಳು ಓರೆಯಾಗುತ್ತವೆ, ಕೆಲವೊಮ್ಮೆ ಕೊರಳೇ ಮುರಿಯುತ್ತದೆ. ಬೇಸಗೆಯಲ್ಲಿ ಅದೇ ಮರ ಕುಗ್ಗಿ ಬ್ಯಾರಲ್ಲಿನ, ಬೆಲ್ಲಿನ ಲೋಹದ ಉಂಗುರಗಳು ಸಡಿಲವಾಗಿ ಕಳಚುತ್ತವೆ. ಉಂಗುರ ಸಡಿಲವಾದದ್ದು ಕಂಡರೆ ಅದು ಬರಿಯ ಉಂಗುರದ ಸಮಸ್ಯೆಯಲ್ಲ, ಮರ ಒಣಗಿದೆ, ಮುಂದೆ ಬಿರುಕು ಬರಬಹುದು ಎಂಬ ಸೂಚನೆ. ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟ ಸಾಮಾನಿಗೆ ಮಳೆಗಾಲದಲ್ಲೂ ಬೂಷ್ಟು ಬರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಕ್ಲಾರಿನೆಟ್ಟನ್ನು ಅಲ್ಲಿಡುವುದು ಮಾತ್ರ ಬೇಡ. ಬುಟ್ಟಿ, ಮೊರಗಳಿಗೆ ಒಪ್ಪುವ ಆ ಕಾವು ಈ ಮರಕ್ಕೆ ಒಪ್ಪುವುದಿಲ್ಲ.

ಬುಫೆ ಕ್ರಾಂಪೋನ್ ಕಂಪೆನಿಯ ಇ-11, ಯಮಾಹಾದ ವೈಸಿಎಲ್-450 ಮರದಲ್ಲಿ ಮಾಡಿದ ಕಲಿಕೆಯ ಮಾದರಿಗಳು. ಎರಡೂ ಒಳ್ಳೆಯ ವಾದ್ಯಗಳು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹಾಸ್ಟೆಲಿನಲ್ಲಿದ್ದು ಕಲಿಯುವವರಿಗೆ, ಮೂರ್ನಾಲ್ಕು ವರ್ಷದ ಸಾಧನೆ ಆದವರಿಗೆ ಇವನ್ನು ಧೈರ್ಯವಾಗಿ ಹೇಳಬಹುದು. ಮಡಿಕೇರಿ, ನಾಪೋಕ್ಲು, ಭಾಗಮಂಡಲದಲ್ಲಿ ಮೊದಲ ವಾದ್ಯವಾಗಿ ಇವನ್ನು ಕೊಳ್ಳುವುದು ಸರಿಯಲ್ಲ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಎಬಿಎಸ್ ಪ್ಲಾಸ್ಟಿಕ್

ಪ್ಲಾಸ್ಟಿಕ್ ಎಂದೊಡನೆ ಸಂತೆಯ ಪೀಪಿ ನೆನಪಾಗಿ ಮೂಗು ಮುರಿಯುವವರಿದ್ದಾರೆ. ಕಲಿಕೆಯ ಕ್ಲಾರಿನೆಟ್ಟಿಗೆ ಬಳಸುವ ಎಬಿಎಸ್ ಅಂಥದ್ದಲ್ಲ. ಅಕ್ರಿಲೋನೈಟ್ರೈಲ್, ಬ್ಯೂಟಡೈಯೀನ್, ಸ್ಟೈರೀನ್ ಎಂಬ ಮೂರು ಘಟಕಗಳ ಈ ರಾಳ ನೀರು ಹೀರುವುದು ತೀರ ಕಡಿಮೆ, ಪೆಟ್ಟಿಗೆ ಸುಲಭವಾಗಿ ಒಡೆಯುವುದಿಲ್ಲ. ಯಮಾಹಾದ ವೈಸಿಎಲ್-255, ಬುಫೆಯ ಪ್ರೊಡೀಜ್ ಈ ವರ್ಗದವು. ಅಮೆರಿಕದ ಸೆಲ್ಮರ್ ಕಂಪೆನಿ ಬಂಡಿ ಎಂಬ ಹೆಸರಿನಲ್ಲಿ ಮಾಡಿದ ರೆಸೊನೈಟ್ ರಾಳದ ಕ್ಲಾರಿನೆಟ್‌ಗಳು ದಶಕಗಳ ಕಾಲ ಅಲ್ಲಿನ ಶಾಲಾ ಬ್ಯಾಂಡುಗಳನ್ನು ತುಂಬಿದ್ದವು. ಹಳೆಯ ವಾದ್ಯಗಳ ಮಾರಾಟದಲ್ಲಿ ಅವು ಇಂದಿಗೂ ಸಿಗುತ್ತವೆ.

ಕೊಡಗಿನ ಹವೆಗೆ ಎಬಿಎಸ್ ಒಡಲಿನಷ್ಟು ಹೊಂದುವುದು ಇನ್ನೊಂದಿಲ್ಲ. ಕಕ್ಕಡದ ತೇವದಲ್ಲಿ ಕೊರಳು ಬಿಗಿಯುವುದಿಲ್ಲ, ಫೆಬ್ರವರಿಯ ಒಣಹವೆಯಲ್ಲಿ ಬಿರಿಯುವುದಿಲ್ಲ, ಮೊದಲ ದಿನವೇ ಎರಡು ಗಂಟೆ ಊದಿದರೂ ತೊಂದರೆಯಿಲ್ಲ. ಅದಕ್ಕೂ ಮಿತಿಗಳಿವೆ. ಬಿಸಿಲಲ್ಲಿ ನಿಲ್ಲಿಸಿದ ಜೀಪಿನೊಳಗೆ ಬಿಟ್ಟರೆ ಸೊಟ್ಟಗಾಗಬಹುದು. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ತಗಲಿದರೆ ಮೈ ಕರಗುತ್ತದೆ; ಕೆಲವು ಅಂಟುಗಳಲ್ಲಿರುವ ದ್ರಾವಕವೂ ಹಾಗೆಯೇ ಮಾಡುತ್ತದೆ. ಆದ್ದರಿಂದ ಕೊರಳಿನ ಕಾರ್ಕ್ ಅಂಟಿಸುವಾಗ ಅಂಟನ್ನು ಮೊದಲು ಕಾಣದ ಮೂಲೆಯಲ್ಲಿ ಒಂದು ಹನಿ ಹಚ್ಚಿ ನೋಡಬೇಕು. ಕೊರಳು ಪೂರ್ತಿ ಮುರಿದರೆ ಅಂಟಿಸಿ ನೆಟ್ಟಗಾಗುವುದಿಲ್ಲ. ಒಳ್ಳೆಯ ದುರಸ್ತಿಗಾರ ಹೊಸ ಕೊರಳು ಕಡೆದು ಕೂರಿಸಬೇಕು, ಇಲ್ಲವೇ ಆ ಕೊಳವೆಯನ್ನೇ ಬದಲಿಸಬೇಕು.

ನಾದದ ವಿಷಯಕ್ಕೆ ಬಂದರೆ ಮರವೇ ಹಾಡುತ್ತದೆ ಎಂಬ ನಂಬಿಕೆ ಬಲವಾದದ್ದು. ಅಮೆರಿಕದ ಭೌತವಿಜ್ಞಾನಿ ಜಾನ್ ಬ್ಯಾಕಸ್ 1964ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕ್ಲಾರಿನೆಟ್‌ನಂಥ ಊದುವಾದ್ಯದ ಗೋಡೆಯ ಕಂಪನ ನಾದದ ಗುಣದ ಮೇಲೆ ಗುರುತಿಸುವಷ್ಟು ಪ್ರಭಾವ ಬೀರುವುದಿಲ್ಲವೆಂದು ಕಂಡುಬಂತು. ಕ್ಲಾರಿನೆಟ್‌ನಲ್ಲಿ ಕಂಪಿಸಿ ನಾದ ಕೊಡುವುದು ಒಳಗಿನ ಗಾಳಿಯ ಕಂಬ. ಅದರ ಆಕಾರವನ್ನು ನಿರ್ಧರಿಸುವ ಒಳರಂಧ್ರದ ನಯ, ಸ್ವರರಂಧ್ರಗಳ ಅಂಚು, ಮೌತ್‌ಪೀಸಿನ ಒಳಗಿನ ಅಳತೆ, ರೀಡಿನ ಗುಣ ಇವೇ ಮುಖ್ಯ. ದುಬಾರಿ ಮರದ ವಾದ್ಯ ಚೆನ್ನಾಗಿ ನುಡಿಯುವುದಕ್ಕೆ ಅದರ ಒಳರಂಧ್ರವನ್ನು ಹೆಚ್ಚು ಎಚ್ಚರದಿಂದ ಕೊರೆದಿರುವುದೂ ಒಂದು ಕಾರಣ. ಕಲಿಯುವವರ ಮಟ್ಟದಲ್ಲಿ, ಒಳ್ಳೆಯ ಮೌತ್‌ಪೀಸ್ ಹಾಕಿದ ಎಬಿಎಸ್ ವಾದ್ಯ ಕಳಪೆ ಮೌತ್‌ಪೀಸಿನ ಮರದ ವಾದ್ಯಕ್ಕಿಂತ ಮೇಲು.

ಎಬೊನೈಟ್, ಲೋಹ, ಹೊಸ ಮಿಶ್ರಣಗಳು

ರಬ್ಬರಿಗೆ ಮೂರನೆಯ ಒಂದು ಪಾಲಿನಷ್ಟು ಗಂಧಕ ಸೇರಿಸಿ ಬೇಯಿಸಿದರೆ ಗಟ್ಟಿ ಕಪ್ಪು ಎಬೊನೈಟ್ ಆಗುತ್ತದೆ. ಮೌತ್‌ಪೀಸುಗಳು ಬಹುಪಾಲು ಇದರವೇ. ಪೂರ್ತಿ ಎಬೊನೈಟಿನ ಕ್ಲಾರಿನೆಟ್‌ಗಳೂ ಇವೆ. ಮೀರತ್ತಿನ ವಾದ್ಯಗಳಲ್ಲೂ ಇದರ ಬಳಕೆ ಉಂಟು. ತೇವಕ್ಕೆ ಹಿಗ್ಗುವುದಿಲ್ಲ, ಮರದಂತೆಯೇ ಚೆನ್ನಾಗಿ ಕಡೆಯಲು ಬರುತ್ತದೆ. ಬಿಸಿಲು ತಗಲಿದರೆ ಮಾತ್ರ ಹಸಿರುಗಂದು ಬಣ್ಣಕ್ಕೆ ತಿರುಗಿ ಗಂಧಕದ ವಾಸನೆ ಬಿಡುತ್ತದೆ, ಆ ಗಂಧಕ ಪಕ್ಕದ ಬೆಳ್ಳಿ ಲೇಪವನ್ನೂ ಕಪ್ಪಾಗಿಸುತ್ತದೆ. ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ. ಭಾರತದಲ್ಲಿ ಎಬೊನೈಟ್ ಕಡೆಯುವ ಕೈಗಳು ಇನ್ನೂ ಉಳಿದಿರುವುದು ಒಂದು ಸಮಾಧಾನ. ರಾಜಮಹೇಂದ್ರಿಯ ರತ್ನಂ ಪೆನ್ನುಗಳು ಈ ವಸ್ತುವಿನಿಂದಲೇ ಆದವು. ಲೇತ್ ಮೇಲೆ ಪೆನ್ನಿನ ಒಡಲು ಕಡೆಯಬಲ್ಲವರು ಅಳತೆ ಕೊಟ್ಟರೆ ಬ್ಯಾರಲ್ ಕಡೆಯಬಲ್ಲರು. ಕಳೆದುಹೋದ ಬ್ಯಾರಲ್ಲಿಗೆ ಬದಲಿ ಬೇಕಾದಾಗ ಇದು ನೆನಪಿಡಬೇಕಾದ ಮಾತು.

ಲೋಹದ ಕ್ಲಾರಿನೆಟ್‌ಗಳು 1920, 30ರ ದಶಕಗಳಲ್ಲಿ ಅಮೆರಿಕದ ಶಾಲೆಗಳಿಗಾಗಿ ಬಹಳವಾಗಿ ತಯಾರಾದವು. ಈಗ ಅವು ಸಂಗ್ರಹಕಾರರ ವಸ್ತು. ಭಾಗಗಳು ಸಿಗದ ಕಾರಣ ಕಲಿಯುವವರಿಗೆ ಬೇಡ. ಬುಫೆಯ ಗ್ರೀನ್‌ಲೈನ್ ಗ್ರೆನಡಿಲ್ಲಾ ಪುಡಿಯನ್ನು ಇಂಗಾಲದ ನಾರು, ರಾಳಗಳ ಜೊತೆ ಒತ್ತಿ ಮಾಡಿದ್ದು, ಬಿರುಕು ಬಿಡುವುದಿಲ್ಲ, ಆದರೆ ಅದು ವೃತ್ತಿವಾದಕರ ಬೆಲೆಯ ವಾದ್ಯ.

ಕೀಗಳ ಲೋಹ

ಒಡಲಿನ ಬಗ್ಗೆ ನಡೆಯುವಷ್ಟು ಚರ್ಚೆ ಕೀಗಳ ಬಗ್ಗೆ ನಡೆಯುವುದಿಲ್ಲ. ನಡೆಯಬೇಕು. ಒಳ್ಳೆಯ ವಾದ್ಯದ ಕೀಗಳು ಜರ್ಮನ್ ಸಿಲ್ವರಿನವು. ಹೆಸರಲ್ಲಿ ಬೆಳ್ಳಿ ಇದ್ದರೂ ಇದರಲ್ಲಿರುವುದು ತಾಮ್ರ, ನಿಕ್ಕಲ್, ಸತುವು. ಇದರ ಕೀ ಬಾಗಿದರೆ ಮತ್ತೆ ಬಗ್ಗಿಸಿ ನೆಟ್ಟಗೆ ಮಾಡಬಹುದು, ಮುರಿದರೆ ಬೆಳ್ಳಿ ಬೆಸುಗೆಯಲ್ಲಿ ಕೂಡಿಸಬಹುದು. ಹೆಸರಿಲ್ಲದ ಅಗ್ಗದ ವಾದ್ಯಗಳಲ್ಲಿ ಅನೇಕವಕ್ಕೆ ಸತುವಿನ ಎರಕದ ಕೀಗಳಿರುತ್ತವೆ. ಅವು ಬಾಗುವುದಿಲ್ಲ, ಲಟಕ್ಕನೆ ಮುರಿಯುತ್ತವೆ. ಬೆಸುಗೆಯ ಕಾವಿಗೆ ಲೋಹವೇ ಕರಗಿ ಕುಸಿಯುತ್ತದೆ. ಕಂಪೆನಿಯ ಹೆಸರೇ ಇಲ್ಲದ ವಾದ್ಯಕ್ಕೆ ಬದಲಿ ಕೀ ಯಾರನ್ನು ಕೇಳುವುದು? ಆನ್‌ಲೈನ್ ಅಂಗಡಿಗಳಲ್ಲಿ ಬಣ್ಣಬಣ್ಣದ ಒಡಲು, ಕೈಗವಸು, ಹತ್ತು ರೀಡು, ಎಲ್ಲ ಸೇರಿಸಿ ಅತಿ ಕಡಿಮೆ ಬೆಲೆಗೆ ಬರುವ ಕ್ಲಾರಿನೆಟ್ ಕೊಂಡವರಿಗೆ ಮೊದಲ ಮಳೆಗಾಲದಲ್ಲೇ ಈ ಪ್ರಶ್ನೆ ಎದುರಾಗುತ್ತದೆ.

ಬಿಡಿಭಾಗ ಎಲ್ಲಿಂದ?

ಕ್ಲಾರಿನೆಟ್ಟಿನ ಭಾಗಗಳನ್ನು ಎರಡು ಪಾಲು ಮಾಡಿ ನೋಡುವುದು ಒಳ್ಳೆಯದು. ಪ್ಯಾಡು, ಕಾರ್ಕು, ಸೂಜಿ ಸ್ಪ್ರಿಂಗು, ರೀಡು, ರೀಡನ್ನು ಬಿಗಿಯುವ ಲಿಗೇಚರು ಅಳತೆ ಕೂಡಿದರೆ ಯಾವ ಕಂಪೆನಿಯದಾದರೂ ಹೊಂದುವಂಥವು. ಕೀ, ಕಂಬ, ತಿರುಪು, ಸರಳು, ಬೆಲ್ಲು, ಕೊಳವೆಗಳು ಆಯಾ ಮಾದರಿಗೇ ಸೇರಿದವು. ಮೊದಲ ಪಾಲಿನವು ಬೆಂಗಳೂರು, ಚೆನ್ನೈ, ಮುಂಬಯಿಯ ವಾದ್ಯದಂಗಡಿಗಳಿಂದಲೂ ಆನ್‌ಲೈನಿನಲ್ಲೂ ಬರುತ್ತವೆ. ಎರಡನೆಯ ಪಾಲಿಗೆ ಕಂಪೆನಿ ಬದುಕಿರಬೇಕು, ಮಾದರಿ ಇನ್ನೂ ತಯಾರಾಗುತ್ತಿರಬೇಕು, ಪ್ರತಿ ಭಾಗಕ್ಕೂ ಸಂಖ್ಯೆ ಇರಬೇಕು. ಯಮಾಹಾ ಮುಂತಾದ ಕಂಪೆನಿಗಳಲ್ಲಿ ಮಾದರಿಯ ಬಿಡಿಭಾಗಗಳ ನಕ್ಷೆ, ಸಂಖ್ಯೆ ಇರುತ್ತವೆ. ಡೀಲರಿಗೆ ಸಂಖ್ಯೆ ಬರೆದು ಕೊಟ್ಟರೆ ಆ ಕೀಯನ್ನೇ ತರಿಸಬಹುದು. ಬರುವುದು ತಡವಾಗಬಹುದು, ಆದರೆ ಬರುತ್ತದೆ. ಕಲಿಕೆಯ ವಾದ್ಯದ ಬೆಲೆಯಲ್ಲಿ ಒಂದು ಪಾಲು ಈ ಭರವಸೆಗೆ ಎಂದು ತಿಳಿಯಬೇಕು.

ಭಾರತದಲ್ಲಿ ಬ್ಯಾಂಡ್ ವಾದ್ಯಗಳ ತವರು ಉತ್ತರ ಪ್ರದೇಶದ ಮೀರತ್. ಅಲ್ಲಿನ ಜಾಲಿ ಕೋಠಿ ಪ್ರದೇಶ ಇದಕ್ಕೇ ಹೆಸರಾದದ್ದು. ನಾದಿರ್ ಅಲಿ ಕಂಪೆನಿ 1885ರಲ್ಲಿ ಆರಂಭವಾಯಿತು. ಅಲ್ಲಿಯ ಕ್ಲಾರಿನೆಟ್ಟಿನ ಬೆಲೆ ಕಡಿಮೆ, ಆಲ್ಬರ್ಟ್ ಪದ್ಧತಿಯದು ಸಿಗುತ್ತದೆ, ಬೇರೆ ಬೇರೆ ಶ್ರುತಿಯವೂ ಸಿಗುತ್ತವೆ. ಕೈಕೆಲಸ ಹೆಚ್ಚಾದ್ದರಿಂದ ಎರಡು ವಾದ್ಯಗಳ ಅಳತೆ ಒಂದೇ ಇರುತ್ತದೆಂದು ಹೇಳಲಾಗದು, ಒಂದರ ಕೀ ಇನ್ನೊಂದಕ್ಕೆ ಕೂರದಿರಬಹುದು. ಆದರೂ ಕೈಯಿಂದ ಮಾಡಿದ್ದನ್ನು ಕೈಯಿಂದಲೇ ಸರಿಮಾಡಬಹುದು. ಬ್ಯಾಂಡ್ ಸೆಟ್ಟಿನವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಶ್ರುತಿ ಕೂಡುತ್ತದೆಯೇ ಎಂದು ಕೊಳ್ಳುವ ಮುಂಚೆ ಪ್ರತಿ ಸ್ವರವನ್ನೂ ಟ್ಯೂನರಿನಲ್ಲಿ ನೋಡಿದರೆ ಮೀರತ್ತಿನ ವಾದ್ಯದಲ್ಲೂ ಒಳ್ಳೆಯದು ಸಿಗುತ್ತದೆ.

ಕೊಡಗಿನಲ್ಲಿ ರೈಲು ನಿಲ್ದಾಣವಿಲ್ಲ. ಭಾಗವೂ ದುರಸ್ತಿಗಾರನೂ ರಸ್ತೆಯ ಮೇಲೇ ಬರಬೇಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಅದಕ್ಕಿಂತ ತುಸು ಹೆಚ್ಚು. ವಿರಾಜಪೇಟೆಯವರಿಗೆ ಮಾಕುಟ್ಟ ಇಳಿದರೆ ಕಣ್ಣೂರು ಹತ್ತಿರ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಕಡಿದುಹೋದದ್ದನ್ನು ಕೊಡಗು ಮರೆತಿಲ್ಲ. ಪ್ಯಾಡುಗಳು ಹೆಚ್ಚು ಕೆಡುವ ತಿಂಗಳುಗಳಲ್ಲೇ ರಸ್ತೆಯ ಭರವಸೆಯೂ ಕಡಿಮೆ. ಬೇಕಾದ ಸಣ್ಣಪುಟ್ಟ ಭಾಗಗಳನ್ನು ಮೇ ತಿಂಗಳೊಳಗೆ ತರಿಸಿಟ್ಟುಕೊಳ್ಳಬೇಕು ಎನ್ನುವುದು ಇದಕ್ಕೆ.

ಕರಾವಳಿಯ ಕಡೆ ಒಂದು ಅನುಕೂಲವಿದೆ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮರುಳಾದ ಕದ್ರಿ ಗೋಪಾಲನಾಥ್ (1949–2019) ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ದಕ್ಷಿಣ ಕನ್ನಡದ ದೇವಸ್ಥಾನ, ಮದುವೆಗಳಲ್ಲಿ ಆ ವಾದ್ಯ ಮನೆಮಾತಾಯಿತು. ಸ್ಯಾಕ್ಸೊಫೋನ್, ಕ್ಲಾರಿನೆಟ್ ಎರಡರಲ್ಲೂ ಪ್ಯಾಡು ಕೂರಿಸುವ, ಸ್ಪ್ರಿಂಗ್ ಬದಲಿಸುವ ವಿದ್ಯೆ ಒಂದೇ ಬಗೆಯದು. ಸುತ್ತಮುತ್ತ ಯಾರ ಕೈ ಪಳಗಿದೆ ಎಂದು ತಿಳಿಯಲು ಸ್ಯಾಕ್ಸೊಫೋನ್ ನುಡಿಸುವವರನ್ನು ಕೇಳುವುದೇ ಸರಿಯಾದ ದಾರಿ.

ಪ್ಯಾಡು

ಎಲ್ಲ ಭಾಗಗಳಲ್ಲಿ ಹೆಚ್ಚು ಗಮನ ಬೇಡುವುದು ಕೀಯ ಅಡಿಯಲ್ಲಿ ಕೂತು ರಂಧ್ರ ಮುಚ್ಚುವ ಪ್ಯಾಡು. ಒಂದು ಬೋಮ್ ಕ್ಲಾರಿನೆಟ್‌ನಲ್ಲಿ 17 ಪ್ಯಾಡುಗಳು, ಸುಮಾರು 9ರಿಂದ 17 ಮಿ.ಮೀ. ಅಗಲದವು. ರಟ್ಟಿನ ಬಿಲ್ಲೆಯ ಮೇಲೆ ಉಣ್ಣೆಯ ಫೆಲ್ಟು, ಅದರ ಮೇಲೆ ಪ್ರಾಣಿಯ ಕರುಳಿನಿಂದ ತೆಗೆದ ತೆಳುಪೊರೆ. ಕೊಡಗಿನ ಮಳೆಗಾಲದಲ್ಲಿ ಫೆಲ್ಟು ಉಬ್ಬುತ್ತದೆ, ಪೊರೆ ಹರಿಯುತ್ತದೆ, ಬೂಷ್ಟು ಹಿಡಿಯುತ್ತದೆ, ಹುಳು ತಿನ್ನುತ್ತದೆ. ಒಡಲು ಮರದ್ದಾಗಲಿ ಪ್ಲಾಸ್ಟಿಕ್ಕಿನದಾಗಲಿ ಪ್ಯಾಡಿನ ಕಥೆ ಒಂದೇ. ಹಾಗಾಗಿ ಎಬಿಎಸ್ ಕೊಂಡೆವು, ಇನ್ನು ಮಳೆಯ ಚಿಂತೆಯಿಲ್ಲ ಎಂದುಕೊಳ್ಳುವಂತಿಲ್ಲ.

ಒಂದು ಪ್ಯಾಡು ಕೂದಲೆಳೆಯಷ್ಟು ಸೋರಿದರೂ ಅದರ ಕೆಳಗಿನ ಸ್ವರಗಳೆಲ್ಲ ಕೆಡುತ್ತವೆ. ಕೆಳಸ್ವರ ಹಿಡಿಯಲು ಹೋದರೆ ಕೀರಲು ದನಿ ಬರುತ್ತದೆ. ಮಗು ಇನ್ನಷ್ಟು ಬಿಗಿಯಾಗಿ ಕಚ್ಚಿ, ಇನ್ನಷ್ಟು ಜೋರಾಗಿ ಊದುತ್ತದೆ, ತುಟಿ ನೋಯುತ್ತದೆ, ತನಗೆ ಇದು ಬರುವುದಿಲ್ಲ ಎಂದುಕೊಂಡು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟುಬಿಡುತ್ತದೆ. ತಪ್ಪು ಮಗುವಿನದಲ್ಲ, ಪ್ಯಾಡಿನದು. ಬಿಡಿಭಾಗದ ವಿಷಯವನ್ನು ಇಷ್ಟು ಉದ್ದಕ್ಕೆ ಹೇಳುತ್ತಿರುವುದು ಈ ಒಂದು ಕಾರಣಕ್ಕೆ. ಪರೀಕ್ಷೆ ಸುಲಭ. ಕೊಳವೆಯ ರಂಧ್ರಗಳನ್ನೆಲ್ಲ ಬೆರಳಲ್ಲಿ ಮುಚ್ಚಿ, ಕೆಳತುದಿಯನ್ನು ಅಂಗೈಯಿಂದ ಒತ್ತಿ ಹಿಡಿದು, ಮೇಲಿನಿಂದ ಗಾಳಿಯನ್ನು ಹೀರಬೇಕು. ಬಾಯಿ ತೆಗೆದಾಗ ಟಪ್ಪೆಂದು ಸದ್ದಾದರೆ ಕೊಳವೆ ಬಿಗಿಯಾಗಿದೆ. ಸದ್ದಾಗದಿದ್ದರೆ ತೆಳು ಕಾಗದದ ಪಟ್ಟಿಯನ್ನು ಒಂದೊಂದೇ ಪ್ಯಾಡಿನ ಅಡಿ ಇಟ್ಟು, ಕೀ ಮುಚ್ಚಿ, ಮೆಲ್ಲಗೆ ಎಳೆದು ನೋಡಬೇಕು. ಕಾಗದ ಎಲ್ಲಿ ತಡೆಯಿಲ್ಲದೆ ಜಾರುತ್ತದೋ ಅಲ್ಲಿ ಸೋರಿಕೆ. ಹಳೆಯದರ ಬದಲಿಗೆ ಕೃತಕ ವಸ್ತುವಿನ ಪ್ಯಾಡು ಹಾಕಿಸಿದರೆ ತೇವಕ್ಕೆ ಹೆಚ್ಚು ತಾಳುತ್ತದೆ. ಮಡಿಕೇರಿಯ ಮೇಲ್ಭಾಗದವರಿಗೆ ಆ ಹೆಚ್ಚಿನ ಖರ್ಚು ಸಾರ್ಥಕ. ಪ್ಯಾಡಿನ ಅಳತೆ ಕಂಪೆನಿಯಿಂದ ಕಂಪೆನಿಗೆ ಅರ್ಧ ಮಿಲಿಮೀಟರು ವ್ಯತ್ಯಾಸವಾಗುವುದರಿಂದ ತರಿಸುವ ಮುಂಚೆ ಕೀಯ ಬಟ್ಟಲನ್ನು ಅಳೆಯುವುದು ಅಗತ್ಯ.

ಊರಿನ ಕೈಗಳು

ದುರಸ್ತಿಗಾರ ದೂರವಿದ್ದರೂ ಊರಿನಲ್ಲೇ ಆಗುವ ಕೆಲಸಗಳಿವೆ. ಮುರಿದ ಜರ್ಮನ್ ಸಿಲ್ವರ್ ಕೀಯನ್ನು ಅಕ್ಕಸಾಲಿಗರು ಕೂಡಿಸಬಲ್ಲರು. ಪೀಚೆಕತ್ತಿಯ ಒರೆಗೆ ಬೆಳ್ಳಿ ಕೂರಿಸುವ ಕೈಗೆ ಇದು ಕಷ್ಟದ್ದಲ್ಲ. ಕೀಯನ್ನು ವಾದ್ಯದಿಂದ ಬಿಚ್ಚಿ, ಪ್ಯಾಡು, ಕಾರ್ಕು, ಸ್ಪ್ರಿಂಗು ತೆಗೆದು ಬರಿಯ ಲೋಹವನ್ನಷ್ಟೇ ಕೊಡಬೇಕು. ಮುರಿಯುವ ಮೊದಲಿನ ಕೋನ ತಿಳಿಯಲು ಒಂದು ಫೋಟೊ ಜೊತೆಗಿರಬೇಕು. ಸಣ್ಣ ತಿರುಪು ಕಚ್ಚಿಕೊಂಡಿದ್ದರೆ ಗಡಿಯಾರ ರಿಪೇರಿಯವರ ಸ್ಕ್ರೂಡ್ರೈವರು, ತಾಳ್ಮೆ ಎರಡೂ ಉಪಯೋಗಕ್ಕೆ ಬರುತ್ತವೆ. ಉಕ್ಕಿನ ಸೂಜಿ ಸ್ಪ್ರಿಂಗು ತುಕ್ಕು ಹಿಡಿದು ತುಂಡಾದರೆ ಹೊಲಿಗೆ ಸೂಜಿಯನ್ನು ನೀಲಿ ಬಣ್ಣ ಬರುವಷ್ಟು ಕಾಯಿಸಿ ಹದ ಮಾಡಿ ಅದರ ಜಾಗದಲ್ಲಿ ಕೂರಿಸುವುದು ದುರಸ್ತಿಗಾರರ ಹಳೆಯ ಉಪಾಯ. ಕೊರಳಿನ ಕಾರ್ಕ್ ಬಿದ್ದುಹೋದರೆ ಹೊಸದು ಬರುವ ತನಕ ಮೇಣ ಸವರಿದ ನೂಲನ್ನು ಒತ್ತಾಗಿ ಸುತ್ತಬಹುದು. ಕಾರ್ಕ್ ಬಳಕೆಗೆ ಬರುವ ಮುಂಚೆ ಎಲ್ಲ ಕ್ಲಾರಿನೆಟ್‌ಗಳ ಕೊರಳೂ ನೂಲಿನವೇ ಆಗಿದ್ದವು. ಇವೆಲ್ಲ ಜರ್ಮನ್ ಸಿಲ್ವರಿನ, ಉಕ್ಕಿನ ಭಾಗಗಳಿರುವ ವಾದ್ಯಕ್ಕೆ ಹೇಳಿದ ಮಾತು. ಸತುವಿನ ಕೀಗೆ ಅಕ್ಕಸಾಲಿಗರೂ ಏನೂ ಮಾಡಲಾರರು.

ಹಳೆಯ ವಾದ್ಯ ಕೊಳ್ಳುವಾಗ

ಒಳ್ಳೆಯ ಕಂಪೆನಿಯ ಹಳೆಯ ಎಬಿಎಸ್ ವಾದ್ಯ, ಹೆಸರಿಲ್ಲದ ಹೊಸ ವಾದ್ಯಕ್ಕಿಂತ ಎಷ್ಟೋ ವಾಸಿ. ಪ್ಯಾಡುಗಳನ್ನೆಲ್ಲ ಬದಲಿಸುವ ಖರ್ಚನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ತೀರ ಹಳೆಯ ಮರದ ಅಥವಾ ಲೋಹದ ವಾದ್ಯಗಳ ವಿಷಯದಲ್ಲಿ ಒಂದು ಎಚ್ಚರ: ಅವುಗಳ ಮೇಲೆ ಎಚ್.ಪಿ. ಎಂದು ಕೊರೆದಿದ್ದರೆ ಅದು ಹೈ ಪಿಚ್, ಅಂದರೆ ಇಂದಿನ 440 ಹರ್ಟ್ಸಿನ ಬದಲು ಸುಮಾರು 452 ಹರ್ಟ್ಸಿಗೆ ಶ್ರುತಿ ಮಾಡಿದ್ದು. ಬ್ರಿಟಿಷ್ ಸೇನಾ ಬ್ಯಾಂಡುಗಳು 1920ರ ದಶಕದ ಕೊನೆಯವರೆಗೂ ಆ ಶ್ರುತಿಯಲ್ಲೇ ನುಡಿಸುತ್ತಿದ್ದವು. ಬ್ಯಾರಲ್ ಎಳೆದು ಅದನ್ನು ಇಂದಿನ ಶ್ರುತಿಗೆ ತರಲಾಗದು. ಒಂದು ಸ್ವರ ಕೂಡಿದರೆ ಇನ್ನೊಂದು ಕೆಡುತ್ತದೆ. ಗೋಡೆಗೆ ಅಲಂಕಾರವಾಗಿ ಸರಿ, ಕಲಿಯುವವರ ಕೈಗೆ ಅಲ್ಲ.

ಮಳೆಗಾಲದ ಪೆಟ್ಟಿಗೆ

ಊದಿದ ಮೇಲೆ ಪ್ರತಿಸಲ ಹತ್ತಿಬಟ್ಟೆ ಎಳೆದು ಒಳಮೈ ಒರೆಸುವುದು ಎಲ್ಲ ಊರಿನಲ್ಲೂ ಇರುವ ನಿಯಮ. ಕೊಡಗಿನಲ್ಲಿ ಆ ಬಟ್ಟೆಯನ್ನು ಪೆಟ್ಟಿಗೆಯೊಳಗೆ ವಾಪಸು ಇಡಬಾರದು. ಅದರ ತೇವ ರಾತ್ರಿಯಿಡೀ ಪ್ಯಾಡುಗಳಿಗೆ ಇಳಿಯುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲ ಇಟ್ಟು ವಾರಕ್ಕೊಮ್ಮೆ ಬಿಸಿ ಮಾಡಿ ತೇವ ಹಾರಿಸಬೇಕು. ಮರದ ವಾದ್ಯವಾದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಾತ್ರ. ಬೇಸಗೆಯಲ್ಲಿ ಅದೇ ಚೀಲ ಮರವನ್ನು ಒಣಗಿಸಿ ಸೀಳಿಸುತ್ತದೆ. ಕ್ಯಾಮೆರಾ ಇಡುವ ಡ್ರೈ ಬಾಕ್ಸ್ ಮನೆಯಲ್ಲಿದ್ದರೆ ಎಬಿಎಸ್ ವಾದ್ಯವನ್ನು ಅದರಲ್ಲೇ ಇಡಬಹುದು. ಕೀಗಳ ತಿರುಪುಗಳಿಗೆ ತಿಂಗಳಿಗೊಮ್ಮೆ ಸೂಜಿಮೊನೆಯಷ್ಟು ಕೀ ಎಣ್ಣೆ ಸಾಕು. ರೀಡುಗಳು ಹೆಚ್ಚಾಗಿ ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತದಲ್ಲಿ ಬೆಳೆಯುವ ಲಾಳದ ಕಡ್ಡಿಯವು. ಒದ್ದೆಯಾಗಿಯೇ ಮುಚ್ಚಿಟ್ಟರೆ ಮೂರೇ ದಿನಕ್ಕೆ ಕಪ್ಪು ಚುಕ್ಕೆ ಬರುತ್ತದೆ. ನಾಲ್ಕು ರೀಡುಗಳನ್ನು ದಿನಕ್ಕೊಂದರಂತೆ ಸರದಿಯಲ್ಲಿ ಬಳಸಿ, ಗಾಜಿನ ತುಂಡಿನ ಮೇಲೆ ಚಪ್ಪಟೆಯಾಗಿ ಒಣಗಿಸುವುದು ಒಳ್ಳೆಯದು. ಕಲಿಯುವವರಿಗೆ 2 ಅಥವಾ 2½ ಸಂಖ್ಯೆಯ ರೀಡು ಸರಿಹೋಗುತ್ತದೆ. ಕೆನಡಾದ ಲೆಜೆರ್ ಕಂಪೆನಿಯ ಒಂದು ಕೃತಕ ರೀಡು ಒಂದು ಪೆಟ್ಟಿಗೆ ಕಡ್ಡಿ ರೀಡಿನಷ್ಟು ಬೆಲೆಯದಾದರೂ ಬೂಷ್ಟು ಹಿಡಿಯುವುದಿಲ್ಲ, ಮಳೆಗಾಲ ಪೂರ್ತಿ ಬರುತ್ತದೆ.

ಜೂನ್ ಹೊತ್ತಿಗೆ ಪೆಟ್ಟಿಗೆಯ ಜೇಬಿನಲ್ಲಿರಬೇಕಾದದ್ದು ಇಷ್ಟು: ತನ್ನ ವಾದ್ಯದ ಅಳತೆಗೆ ತರಿಸಿದ ಒಂದು ಸೆಟ್ ಪ್ಯಾಡು, ಒಂದು ತುಂಡು ಕಾರ್ಕ್ ಹಾಳೆ, ಪ್ಯಾಡು ಅಂಟಿಸಲು ಅರಗಿನ ಒಂದು ಕಡ್ಡಿ, ಎರಡು ಮೂರು ದಪ್ಪದ ಸೂಜಿ ಸ್ಪ್ರಿಂಗುಗಳು, ಸಣ್ಣ ಸ್ಕ್ರೂಡ್ರೈವರು, ಮೇಣ ಸವರಿದ ನೂಲು, ಮತ್ತು ವಾದ್ಯದ ಮಾದರಿ ಸಂಖ್ಯೆ, ಸರಣಿ ಸಂಖ್ಯೆ ಬರೆದ ಒಂದು ಚೀಟಿ.